ಚೈನ್ ಪಾಲಾಗದೆ ಜಾಗ ಹೆಚ್ಚಿಸುವುದು ಹೇಗೆ? ಯಾರಿಗೆ ಯಾವ ದಾರಿ?

ಬಿಟ್‌ಕಾಯಿನ್‌ನಂಥ ನೆಟ್‌ವರ್ಕಿನಲ್ಲಿ ವಹಿವಾಟುಗಳನ್ನು ಬ್ಲಾಕ್ ಎಂಬ ಕಂತೆಗಳಲ್ಲಿ ಬರೆದು ಒಂದರ ಹಿಂದೊಂದು ಪೋಣಿಸುತ್ತಾರೆ, ಆ ಸರಪಳಿಯೇ ಚೈನ್. ಒಂದು ಬ್ಲಾಕಿನಲ್ಲಿ ಇಂತಿಷ್ಟೇ ಜಾಗ. ಅದನ್ನು ಹೆಚ್ಚಿಸುವ ಬಗ್ಗೆ ಕಳೆದ ತಿಂಗಳು ಮೂರು ಜನ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದರು.

ಗೋಣಿಕೊಪ್ಪದ ಹುಡುಗರ ಗುಂಪೊಂದು ಬಿಟ್‌ಕಾಯಿನ್ ಕೋಡ್ ತಿದ್ದಿಕೊಂಡು ತಮ್ಮದೇ ಪುಟ್ಟ ನೆಟ್‌ವರ್ಕ್ ನಡೆಸುತ್ತಿದೆ. ಯಾವ ತೋಟದ ಕಾಫಿ ಚೀಲ ಯಾವ ಗೋದಾಮಿಗೆ ಹೋಯಿತು ಅಂತ ಅದರಲ್ಲಿ ಬರೆದಿಡುತ್ತಾರೆ, ಜೊತೆಗೆ ಆಟಕ್ಕೊಂದು ನಾಣ್ಯ. ಒಟ್ಟು ಹನ್ನೊಂದು ನೋಡ್, ಅಂದರೆ ಲೆಕ್ಕವನ್ನು ತಾನೇ ಇಳಿಸಿಕೊಂಡು ಪರೀಕ್ಷಿಸುವ ಕಂಪ್ಯೂಟರ್. ಜನವರಿಯಲ್ಲಿ ರೋಬಸ್ಟಾ ಕೊಯ್ಲು ಜೋರಾದರೆ ಬ್ಲಾಕ್ ತುಂಬಿ ವಹಿವಾಟು ಸಾಲುಗಟ್ಟಿ ನಿಲ್ಲುತ್ತವೆ. "ಬ್ಲಾಕ್ ದೊಡ್ಡದು ಮಾಡಿಬಿಡೋಣ್ವಾ ಅಣ್ಣಾ?" ಎಂದು ಕೇಳಿದರು. ಎರಡನೆಯವನು ಮಡಿಕೇರಿಯಲ್ಲಿ ಹೋಂಸ್ಟೇ ನಡೆಸುವ ಗೆಳೆಯ. ವಿದೇಶದ ಅತಿಥಿಗಳು ಬಿಟ್‌ಕಾಯಿನ್‌ನಲ್ಲಿ ಕೊಡಲಾ ಅಂತ ಕೇಳುತ್ತಾರಂತೆ, ಆದರೆ ಬ್ಲಾಕಿನಲ್ಲಿ ಜಾಗ ಹಿಡಿಯಲು ಕೊಡಬೇಕಾದ ಫೀ ನೋಡಿದರೆ ತಲೆ ತಿರುಗುತ್ತದಂತೆ. ಮೂರನೆಯವರು ಸೋಮವಾರಪೇಟೆಯ ನಿವೃತ್ತ ಮೇಷ್ಟ್ರು. ಸ್ವಲ್ಪ ಬಿಟ್‌ಕಾಯಿನ್ ಕೊಂಡು ಮುಟ್ಟದೆ ಇಟ್ಟಿದ್ದಾರೆ. ಅವರ ಭಯವೇ ಬೇರೆ: "ಜಾಗ ಹೆಚ್ಚಿಸಲು ಹೋಗಿ ನೆಟ್‌ವರ್ಕ್ ಎರಡಾದರೆ ನನ್ನದು ಯಾವುದು?"

ಮೂವರಿಗೂ ಒಂದೇ ಉತ್ತರ ಇಲ್ಲ. ಆದರೆ ಅಳೆಯುವ ಕೋಲು ಒಂದೇ.

ಯಾವುದರಿಂದ ಅಳೆಯಬೇಕು

ಮೊದಲ ಪ್ರಶ್ನೆ, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು: ಸಾಫ್ಟ್‌ವೇರ್ ಬದಲಿಸದೆ ಉಳಿದವನ ಗತಿ ಏನು? ಅಪ್‌ಡೇಟ್ ಮಾಡದವರು ಎಲ್ಲ ನೆಟ್‌ವರ್ಕಿನಲ್ಲೂ ಇರುತ್ತಾರೆ. ಕೆಲವರು ಮರೆತವರು, ಕೆಲವರು ಊರಲ್ಲಿಲ್ಲದವರು, ಕೆಲವರು ಬೇಡ ಅಂತ ಹಟ ಹಿಡಿದವರು. ಹೊಸ ನಿಯಮದ ಬ್ಲಾಕ್ ಅವರ ಹಳೆಯ ನೋಡ್‌ಗೆ ಬಂದಾಗ ಅದು ಒಪ್ಪಿಕೊಂಡರೆ ಚೈನ್ ಒಂದೇ. "ಇದು ನಿಯಮದಂತಿಲ್ಲ" ಅಂತ ಎಸೆದರೆ ಅಲ್ಲಿಂದಾಚೆ ಎರಡು ಲೆಕ್ಕದ ಪುಸ್ತಕ. ಅವರ ಪುಸ್ತಕಕ್ಕೆ ಹೊಸ ಬ್ಲಾಕ್ ಕಟ್ಟುವ ಮೈನರ್‌ಗಳೂ ಸಿಕ್ಕಿಬಿಟ್ಟರೆ ಮನೆ ಪಾಲಾದ ಹಾಗೆಯೇ.

ಎರಡನೆಯದು, ಎಷ್ಟು ಜಾಗ ಸಿಗುತ್ತದೆ. ಮೂರನೆಯದು, ಯಾರೆಲ್ಲ ಒಪ್ಪಬೇಕು. ನಾಲ್ಕನೆಯದು, ಬದಲಾವಣೆಯ ನಂತರ ಹಣಕ್ಕೆ ಯಾರನ್ನು ನಂಬಬೇಕು.

ಐದನೆಯದು ಸಣ್ಣ ನೋಡ್ ಮೇಲೆ ಬೀಳುವ ಹೊರೆ. ಬೆಂಗಳೂರಿನಲ್ಲಿ ಫೈಬರ್ ಹಾಕಿಸಿಕೊಂಡು ಕೂತವರಿಗೆ ಇದು ಹೊಳೆಯುವುದಿಲ್ಲ. ಕೊಡಗಿನ ಮಳೆಗಾಲದಲ್ಲಿ ನೋಡ್ ನಡೆಸಿದವರಿಗೆ ಗೊತ್ತು. ನಮ್ಮ ಮನೆ ನಾಪೋಕ್ಲು ಕಡೆ. ಜುಲೈಯಲ್ಲಿ ಒಂದು ಸಿಲ್ವರ್ ಓಕ್ ಮರ ಲೈನ್ ಮೇಲೆ ಬಿತ್ತು, ನಾಲ್ಕು ದಿನ ಕರೆಂಟ್ ಇಲ್ಲ. ಯುಪಿಎಸ್ ಮೊದಲ ಸಂಜೆಯೇ ಕುಂಯ್ ಕುಂಯ್ ಅಂತ ಅತ್ತು ಸುಮ್ಮನಾಯಿತು. ಕರೆಂಟ್ ಬಂದರೂ ಬ್ರಾಡ್‌ಬ್ಯಾಂಡ್ ಬರಲಿಲ್ಲ. ಫೋನನ್ನು ಕಿಟಕಿಯ ಸರಳಿಗೆ ಕಟ್ಟಿ ಹಾಟ್‌ಸ್ಪಾಟ್ ಕೊಟ್ಟೆ. ದಿನಕ್ಕೆ 2 ಜಿಬಿಯ ಪ್ಯಾಕ್. ನೋಡ್ "ನಾಲ್ಕು ದಿನ ಹಿಂದೆ" ಅಂತ ತೋರಿಸುತ್ತಿತ್ತು.

ಲೆಕ್ಕ ಹಾಕಿ. ಬಿಟ್‌ಕಾಯಿನ್‌ನಲ್ಲಿ ಸುಮಾರು ಹತ್ತು ನಿಮಿಷಕ್ಕೊಂದು ಬ್ಲಾಕ್, ದಿನಕ್ಕೆ 144. ಒಂದೊಂದು ಒಂದೂಮುಕ್ಕಾಲು ಎಂಬಿ ಅಂತಿಟ್ಟುಕೊಂಡರೆ ದಿನಕ್ಕೆ ಕಾಲು ಜಿಬಿ, ನಾಲ್ಕು ದಿನಕ್ಕೆ ಒಂದು ಜಿಬಿ. ಮಧ್ಯಾಹ್ನದೊಳಗೆ ನೋಡ್ ಚೈನಿನ ತುದಿ ಮುಟ್ಟಿತು. ಅದೇ ಬ್ಲಾಕ್ 8 ಎಂಬಿ ತುಂಬಿ ಬರುತ್ತಿದ್ದರೆ? ದಿನಕ್ಕೆ 1.15 ಜಿಬಿ ಹೊಸದೇ ಬೇಕು. ಮಿಕ್ಕಿದ್ದರಲ್ಲಿ ಹಳೆಯ ಬಾಕಿ ತೀರಿಸಲು ಐದಾರು ದಿನ. 32 ಎಂಬಿ ಆದರೆ ದಿನಕ್ಕೆ 4.6 ಜಿಬಿ. ಅಂದರೆ ಆ ಪ್ಯಾಕಿನಲ್ಲಿ ನಾನು ಯಾವತ್ತೂ ಮುಟ್ಟುವುದಿಲ್ಲ, ಪ್ರತಿದಿನ ಇನ್ನಷ್ಟು ಹಿಂದೆ ಬೀಳುತ್ತೇನೆ. ಹಳೆಯ ಬ್ಲಾಕ್ ಅಳಿಸಿ ಡಿಸ್ಕ್ ಉಳಿಸಬಹುದು. ಇಳಿಸಿಕೊಳ್ಳುವುದು ಮಾತ್ರ ತಪ್ಪದು.

ಇದ್ದ ಚೀಲದಲ್ಲೇ ಒತ್ತಿ ತುಂಬುವುದು

ಎಲ್ಲರೂ ಹಾರಿಬಿಡುವ ದಾರಿ ಇದು. ನಿಯಮ ಬದಲಿಸಬೇಕಿಲ್ಲ, ಯಾರನ್ನೂ ಕೇಳಬೇಕಿಲ್ಲ.

ಹತ್ತು ಜನರಿಗೆ ಹಣ ಕಳಿಸಬೇಕು ಅನ್ನಿ. ಬಿಸಿ1ಕ್ಯೂ (bc1q) ಅಂತ ಶುರುವಾಗುವ ಹೊಸ ಬಗೆಯ ವಿಳಾಸದಿಂದ ಹತ್ತು ಬೇರೆ ಬೇರೆ ವಹಿವಾಟು ಮಾಡಿದರೆ ಸುಮಾರು 1,410 ವರ್ಚುವಲ್ ಬೈಟ್ (ಬ್ಲಾಕಿನ ಜಾಗ ಅಳೆಯುವ ಲೆಕ್ಕ) ಜಾಗ ಹಿಡಿಯುತ್ತದೆ. ಒಂದೇ ವಹಿವಾಟಿನಲ್ಲಿ ಹತ್ತೂ ಜನರನ್ನು ಸೇರಿಸಿದರೆ ಸುಮಾರು 420. ಮೂರನೇ ಒಂದು ಪಾಲೂ ಇಲ್ಲ! ವಿಳಾಸದ ಬಗೆಯೂ ಲೆಕ್ಕಕ್ಕೆ ಬರುತ್ತದೆ. 1ರಿಂದ ಶುರುವಾಗುವ ಹಳೆಯ ವಿಳಾಸದ ಸಾಮಾನ್ಯ ವಹಿವಾಟಿಗೆ 226 ಬೈಟ್ ಬೇಕು, ಹೊಸದಕ್ಕೆ 141 ಸಾಕು.

ಮಿತಿ ಏನೆಂದರೆ, ಇದನ್ನು ಒಮ್ಮೆ ಮಾಡಿದರೆ ಮುಗಿಯಿತು. ಹಿಂಡಿದ ನಿಂಬೆಹಣ್ಣನ್ನು ಮತ್ತೆ ಹಿಂಡಲು ಬರುವುದಿಲ್ಲ. ಆದರೂ ದುಡ್ಡು ಖರ್ಚಿಲ್ಲದ ದಾರಿಯನ್ನು ಮೊದಲು ಮುಗಿಸದೆ ಉಳಿದದ್ದಕ್ಕೆ ಕೈಹಾಕುವುದು ನನಗೆ ಸರಿ ಕಾಣುವುದಿಲ್ಲ.

ಸಾಫ್ಟ್ ಫೋರ್ಕ್: ತಕ್ಕಡಿಯವನಿಗೆ ಕಾಣದ ಚೀಟಿ

ಸಾಫ್ಟ್ ಫೋರ್ಕ್ ಅಂದರೆ ನಿಯಮವನ್ನು ಬಿಗಿ ಮಾಡುವುದು. ಹೊಸ ನಿಯಮಕ್ಕೆ ಸರಿಯಾದದ್ದು ಹಳೆಯ ನಿಯಮಕ್ಕೂ ಸರಿಯೇ. ಹಾಗಾಗಿ ಹಳೆಯ ನೋಡ್ ಚೈನ್ ಬಿಟ್ಟು ಹೋಗುವುದಿಲ್ಲ. ಬಿಗಿ ಮಾಡಿದರೆ ಜಾಗ ಹೇಗೆ ಹೆಚ್ಚುತ್ತದೆ ಅಂತ ನನಗೂ ಮೊದಲು ಅರ್ಥ ಆಗಿರಲಿಲ್ಲ.

ಕಾಫಿ ಚೀಲ ತೂಗುವುದನ್ನು ನೋಡಿದ್ದೀರಲ್ವಾ? ಚೀಲದ ಬಾಯಿಗೆ ತೋಟದ ಹೆಸರಿನ ಚೀಟಿ ಕಟ್ಟಿರುತ್ತಾರೆ. ಚೀಲಕ್ಕೆ ತೂಕದ ಮಿತಿ ಇದೆ, ಚೀಟಿಗಳೇ ಒಳಗೆ ತುಂಬಿ ಜಾಗ ತಿನ್ನುತ್ತಿವೆ ಅಂತಿಟ್ಟುಕೊಳ್ಳಿ. ಅವನ್ನು ತೆಗೆದು ಹೊರಗೆ ಕಟ್ಟಿದರೆ? ಹಳೆಯ ತಕ್ಕಡಿಯವನು ಚೀಲ ಮಾತ್ರ ತೂಗಿ, ಮಿತಿಯೊಳಗಿದೆ ಅಂತ ಬಿಡುತ್ತಾನೆ. ಹೊಸ ತಕ್ಕಡಿಯವನು ಚೀಲವನ್ನೂ ಚೀಟಿಯನ್ನೂ ನೋಡುತ್ತಾನೆ. 2017ರಲ್ಲಿ ಬಿಟ್‌ಕಾಯಿನ್‌ಗೆ ಬಂದ ಸೆಗ್‌ವಿಟ್ ಎಂಬ ಸಾಫ್ಟ್ ಫೋರ್ಕ್ ಮಾಡಿದ್ದು ಇದನ್ನೇ. ವಹಿವಾಟಿನ ಸಹಿಗಳನ್ನು ಪ್ರತ್ಯೇಕ ಮಾಡಿ, ಹಳೆಯ 1 ಎಂಬಿ ಲೆಕ್ಕದಿಂದ ಹೊರಗಿಟ್ಟಿತು. ಹೊಸ ಲೆಕ್ಕದಲ್ಲಿ ಸಹಿಯ ಒಂದು ಬೈಟಿಗೆ ತೂಕ 1, ಮಿಕ್ಕ ಬೈಟಿಗೆ 4, ಇಡೀ ಬ್ಲಾಕಿಗೆ 40 ಲಕ್ಷ. ಸರಳ ವಹಿವಾಟುಗಳಿಂದಲೇ ಬ್ಲಾಕ್ ತುಂಬಿದರೆ ಸೆಕೆಂಡಿಗೆ 11-12 ವಹಿವಾಟು. ಮೊದಲು 7 ದಾಟಿದರೆ ದೊಡ್ಡದು.

ಬೆಲೆ ಏನು? ಒಂದು, ಜಾಗ ಸಿಕ್ಕಿದ್ದು ದುಪ್ಪಟ್ಟಿನ ಹತ್ತಿರ, ಹತ್ತು ಪಟ್ಟಲ್ಲ. ಎರಡು, ಅಪ್‌ಡೇಟ್ ಮಾಡದವನು ಚೈನಿನಲ್ಲಿ ಉಳಿದರೂ ಅರೆಗುರುಡ. ಚೀಟಿ ಅವನಿಗೆ ಕಾಣುವುದಿಲ್ಲ. ಅವನ ಕಣ್ಣಿಗೆ ಹೊಸ ಬಗೆಯ ನಾಣ್ಯ "ಯಾರು ಬೇಕಾದರೂ ಖರ್ಚು ಮಾಡಬಹುದು" ಅನ್ನುವ ಹಾಗೆ ಕಾಣುತ್ತದೆ. ಮೈನಿಂಗ್ ಬಲದ ಬಹುಪಾಲು ಹೊಸ ನಿಯಮವನ್ನು ನಿಜವಾಗಿ ಪಾಲಿಸಿದರೆ ಮಾತ್ರ ಎಲ್ಲ ಕ್ಷೇಮ. "ನಿಜವಾಗಿ" ಅಂದದ್ದಕ್ಕೆ ಕಾರಣ ಇದೆ. 2015ರ ಜುಲೈಯಲ್ಲಿ ಬೇರೊಂದು ಸಾಫ್ಟ್ ಫೋರ್ಕ್‌ಗೆ ನೂರಕ್ಕೆ 95 ಮೈನರ್‌ಗಳು ಒಪ್ಪಿಗೆ ಕೊಟ್ಟಿದ್ದರು. ಆದರೆ ಕೆಲವರು ಬ್ಲಾಕ್ ಪರೀಕ್ಷಿಸದೆ ಮುಂದಿನದನ್ನು ಕಟ್ಟುತ್ತಿದ್ದರು. ತಪ್ಪು ಚೈನ್ ಆರು ಬ್ಲಾಕ್ ಉದ್ದ ಬೆಳೆದ ಮೇಲೆ ಸತ್ತಿತು.

ಮೂರನೆಯದು ಕಾಯುವುದು. ಸೆಗ್‌ವಿಟ್ ವಿಚಾರ 2015ರ ಡಿಸೆಂಬರಿನಲ್ಲಿ ಮುಂದೆ ಬಂತು. 2016ರ ನವೆಂಬರಿನಿಂದ ಮೈನರ್‌ಗಳು ಒಪ್ಪಿಗೆ ಸೂಚಿಸಬಹುದಿತ್ತು, 2,016 ಬ್ಲಾಕ್‌ಗಳಲ್ಲಿ ನೂರಕ್ಕೆ 95 ಬೇಕಿತ್ತು. ತಿಂಗಳುಗಟ್ಟಲೆ ಅದರ ಹತ್ತಿರಕ್ಕೂ ಬರಲಿಲ್ಲ. ಕೊನೆಗೆ ಬಳಕೆದಾರರೇ "2017ರ ಆಗಸ್ಟ್ 1ರಿಂದ ಒಪ್ಪಿಗೆ ಇಲ್ಲದ ಬ್ಲಾಕ್ ನಾವು ಮುಟ್ಟುವುದಿಲ್ಲ" ಅಂತ ಪಟ್ಟು ಹಿಡಿದರು. ಮೈನರ್‌ಗಳು ನೂರಕ್ಕೆ 80ರ ಮಿತಿಯ ಇನ್ನೊಂದು ಉಪಾಯದಿಂದ ಅದಕ್ಕೂ ಮುಂಚೆ ಒಪ್ಪಿದರು. 481,824ನೇ ಬ್ಲಾಕಿನಲ್ಲಿ, ಆಗಸ್ಟ್ 24ರಂದು ಸೆಗ್‌ವಿಟ್ ಜಾರಿಯಾಯಿತು. ಆ ಪಾಠ ಕಲಿತದ್ದಕ್ಕೋ ಏನೋ, ಆಮೇಲಿನ ಟ್ಯಾಪ್‌ರೂಟ್ ಎಂಬ ಸಾಫ್ಟ್ ಫೋರ್ಕ್‌ಗೆ ಮಿತಿಯನ್ನು 90ಕ್ಕೆ ಇಳಿಸಿದ್ದರು. 2021ರ ನವೆಂಬರ್ 14ಕ್ಕೆ ಅದು ಗಲಾಟೆ ಇಲ್ಲದೆ ಬಂತು.

ಹಾರ್ಡ್ ಫೋರ್ಕ್: ಎಲ್ಲರೂ ಒಂದೇ ಗಳಿಗೆಗೆ

ಹಾರ್ಡ್ ಫೋರ್ಕ್ ನಿಯಮವನ್ನು ಸಡಿಲ ಮಾಡುತ್ತದೆ. 1 ಎಂಬಿ ಇದ್ದದ್ದು 8 ಆಗಲಿ, 32 ಆಗಲಿ, ಬೇಕಾದಷ್ಟು ಜಾಗ. ಕೋಡ್ ಕೂಡ ಸರಳ, ಅಂಕಿ ಬದಲಿಸಿದರಾಯಿತು. ಆದರೆ ಅಪ್‌ಡೇಟ್ ಮಾಡದವನು ಆ ಕ್ಷಣಕ್ಕೆ ಹೊರಗೆ.

ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ನೆನಪು ಮಾಡಿಕೊಳ್ಳಿ. ಪಾಡಿ ಇಗ್ಗುತ್ತಪ್ಪನ ದೇವಸ್ಥಾನದಲ್ಲಿ ಮುಹೂರ್ತ ಗೊತ್ತಾಗುತ್ತದೆ. ನೆರೆ ಅನ್ನುವ ಎಲೆಗಳ ಕಟ್ಟು ಕಟ್ಟುವುದು ಎಷ್ಟು ಹೊತ್ತಿಗೆ, ಕದಿರು ತೆಗೆಯುವುದು ಎಷ್ಟು ಹೊತ್ತಿಗೆ ಅಂತ ನಾಡಿಗೆಲ್ಲ ಮೊದಲೇ ತಿಳಿಯುತ್ತದೆ. ಆ ಗಳಿಗೆಗೆ ಗುಂಡು ಹಾರುತ್ತದೆ, ಊರೂರಲ್ಲಿ ಕದಿರು ಕೊಯ್ಯುತ್ತಾರೆ. ಇದು ನಡೆಯುವುದು ಮುಹೂರ್ತ ಇಡುವವರನ್ನು ಎಲ್ಲರೂ ಒಪ್ಪಿರುವುದರಿಂದ. ಹಾರ್ಡ್ ಫೋರ್ಕ್‌ಗೆ ಬೇಕಾದದ್ದೂ ಇಷ್ಟೇ: ಇಷ್ಟನೇ ಬ್ಲಾಕಿನಿಂದ ಹೊಸ ನಿಯಮ ಅಂತ ಸಾಕಷ್ಟು ಮುಂಚೆ ಗೊತ್ತಾಗಬೇಕು, ಎಲ್ಲರೂ ಒಪ್ಪಿರಬೇಕು. ಬಿಟ್‌ಕಾಯಿನ್ ರೂಪಿಸಿದ ಸತೋಶಿ ನಾಕಾಮೊಟೊ 2010ರ ಅಕ್ಟೋಬರಿನಲ್ಲೇ ಇದನ್ನು ಹೇಳಿದ್ದರು. 115,000ನೇ ಬ್ಲಾಕ್ ದಾಟಿದರೆ ಮಿತಿ ಹೆಚ್ಚು ಅಂತ ಕೋಡಿನಲ್ಲಿ ತುಂಬ ಮುಂಚೆಯೇ ಬರೆದಿಟ್ಟರೆ, ಆ ಬ್ಲಾಕ್ ಬರುವ ಹೊತ್ತಿಗೆ ಹಳೆಯ ಆವೃತ್ತಿಗಳು ಬಳಕೆಯಲ್ಲೇ ಇರುವುದಿಲ್ಲ ಅನ್ನುವುದು ಅವರ ಲೆಕ್ಕ.

ಬಿಟ್‌ಕಾಯಿನ್‌ನಲ್ಲಿ ಮುಹೂರ್ತ ಇಡುವವರು ಯಾರು? ಯಾರೂ ಇಲ್ಲ. ಅಲ್ಲೇ ಎಡವಟ್ಟು. 8 ಎಂಬಿ ಬೇಕೆಂದವರು 2017ರ ಆಗಸ್ಟ್ 1ರಂದು ಬೇರೆಯಾದರು, ಅದು ಬಿಟ್‌ಕಾಯಿನ್ ಕ್ಯಾಶ್. 2018ರ ಮೇ ತಿಂಗಳಲ್ಲಿ ಮಿತಿ 32 ಎಂಬಿ ಆಯಿತು. ಅದೇ ನವೆಂಬರಿನಲ್ಲಿ ಅವರಲ್ಲೇ ಮತ್ತೆ ಪಾಲು. ಒಮ್ಮೆ ಪಾಲಾದ ಮನೆಯಲ್ಲಿ ಎರಡನೇ ಪಾಲಿಗೆ ಯಾರೂ ಜಾಸ್ತಿ ಯೋಚಿಸುವುದಿಲ್ಲ ನೋಡಿ. ಇತ್ತ, ಬಿಟ್‌ಕಾಯಿನ್‌ನಲ್ಲೇ ಮಿತಿ ದುಪ್ಪಟ್ಟು ಮಾಡುವ ಸೆಗ್‌ವಿಟ್2ಎಕ್ಸ್ ಯೋಜನೆಯನ್ನು ಅದರ ಮುಂದಾಳುಗಳೇ 2017ರ ನವೆಂಬರ್ 8ರಂದು ಕೈಬಿಟ್ಟರು. ಸಾಕಷ್ಟು ಒಪ್ಪಿಗೆ ಇಲ್ಲ ಅನ್ನುವುದು ಅವರು ಕೊಟ್ಟ ಕಾರಣ.

ಹಾಗಂತ ಹಾರ್ಡ್ ಫೋರ್ಕ್ ಎಂದರೆ ಒಡಕು ಅಂತ ತಿಳಿಯಬೇಡಿ. ಇಥೀರಿಯಂ ಎಂಬ ಇನ್ನೊಂದು ದೊಡ್ಡ ನೆಟ್‌ವರ್ಕ್ ಆಗಾಗ ಹಾರ್ಡ್ ಫೋರ್ಕ್ ಮಾಡುತ್ತಲೇ ಇದೆ. ದೊಡ್ಡದಾಗಿ ಒಡೆದದ್ದು 2016ರ ಜುಲೈಯಲ್ಲಿ, ಅದೂ ಜಾಗದ ವಿಷಯಕ್ಕಲ್ಲ, ಕಳವಾದ ಹಣ ಹಿಂತಿರುಗಿಸುವ ಜಗಳಕ್ಕೆ. ಮೊನೇರೊ ಎಂಬ ನಾಣ್ಯದ ನೆಟ್‌ವರ್ಕ್ ಕೆಲವು ವರ್ಷ ಆರು ತಿಂಗಳಿಗೊಮ್ಮೆ ಹಬ್ಬದ ಥರ ಹಾರ್ಡ್ ಫೋರ್ಕ್ ಮಾಡಿತು. ಅಭ್ಯಾಸ ಆದವರಿಗೆ ಅದು ಸುಲಭ. ಅಭ್ಯಾಸವೇ ಇಲ್ಲದ ಕಡೆ ಮೊದಲ ಸಲ ಮಾಡುವಾಗಲೇ ಮೈ ನಡುಗುವುದು.

ಇನ್ನೊಂದು ವಿಚಿತ್ರ. ನಿಯಮ ಬದಲಿಸುವ ಉದ್ದೇಶವೇ ಇಲ್ಲದಾಗಲೂ ಚೈನ್ ಒಡೆದದ್ದಿದೆ. 2013ರ ಮಾರ್ಚಿನಲ್ಲಿ ಬಿಟ್‌ಕಾಯಿನ್‌ನ 0.8 ಆವೃತ್ತಿ ಹೊಸ ಡೇಟಾಬೇಸ್ ತಂದಿತ್ತು. ದೊಡ್ಡ ಬ್ಲಾಕ್ ಒಂದನ್ನು ಅದು ನುಂಗಿತು, ಹಳೆಯ ಡೇಟಾಬೇಸ್ ಸಿಕ್ಕಿಹಾಕಿಕೊಂಡಿತು. ಮೈನರ್‌ಗಳು ತಮ್ಮ ಗಳಿಕೆ ಬಿಟ್ಟುಕೊಟ್ಟು 0.7ಕ್ಕೆ ಹಿಂತಿರುಗಿದ ಮೇಲೆಯೇ ಚೈನ್ ಒಂದಾದದ್ದು. ಹುಡುಗರಿಗೆ ನಾನು ಇದನ್ನು ಎರಡು ಸಲ ಹೇಳಿದೆ.

ಮಿತಿಯನ್ನೇ ಸಡಿಲ ಬಿಡುವುದು

ಹೊಸ ನೆಟ್‌ವರ್ಕ್ ಕಟ್ಟುವವರಿಗೆ ಮಾತ್ರ ಇರುವ ಸೌಕರ್ಯ ಇದು. ಮಿತಿ ತಾನೇ ಏರಿಳಿಯಲಿ ಅಂತ ಮೊದಲೇ ಬರೆದಿಟ್ಟರೆ ಆಮೇಲೆ ಫೋರ್ಕ್ ಬೇಕಾಗುವುದಿಲ್ಲ. ಇಥೀರಿಯಂನಲ್ಲಿ ಬ್ಲಾಕ್ ಕಟ್ಟುವವನು ಗ್ಯಾಸ್ ಮಿತಿಯನ್ನು, ಅಂದರೆ ಒಂದು ಬ್ಲಾಕಿನಲ್ಲಿ ಎಷ್ಟು ಕೆಲಸ ಹಿಡಿಯಬಹುದು ಅನ್ನುವುದನ್ನು, ಹಿಂದಿನದಕ್ಕಿಂತ 1,024ರಲ್ಲಿ ಒಂದು ಪಾಲಿನಷ್ಟು ಸರಿಸಬಹುದು. ಅರ್ಧಕ್ಕಿಂತ ಹೆಚ್ಚು ಜನ ಒಂದೇ ಕಡೆ ತಳ್ಳಿದರೆ ಮಿತಿ ಸರಿಯುತ್ತದೆ. 2025ರ ಫೆಬ್ರವರಿಯಲ್ಲಿ ಅದು 3 ಕೋಟಿಯಿಂದ 3.6 ಕೋಟಿಗೆ ಏರಿದ್ದು ಹೀಗೆ, ಯಾವ ಫೋರ್ಕ್ ಕೂಡ ಇಲ್ಲದೆ. ತೊಂದರೆ ಏನೆಂದರೆ ತಳ್ಳುವವರು ದೊಡ್ಡ ಯಂತ್ರ ಇಟ್ಟವರು. ಕಿಟಕಿಗೆ ಫೋನ್ ಕಟ್ಟಿ ಕೂತವನನ್ನು ಅಲ್ಲಿ ಯಾರೂ ಕೇಳುವುದಿಲ್ಲ.

ಮೇಲಿನ ಪದರ: ಅಂಗಡಿ ಲೆಕ್ಕ

ನಮ್ಮಲ್ಲಿ ಅಂಗಡಿಯಲ್ಲಿ ವರ್ಷವಿಡೀ ಬರೆಸಿ, ಕಾಫಿ ಮಾರಿದ ಮೇಲೆ ಚುಕ್ತಾ ಮಾಡುವ ರೂಢಿ ಇದೆ. ಬಿಟ್‌ಕಾಯಿನ್ ಮೇಲೆ ಕಟ್ಟಿದ ಲೈಟ್ನಿಂಗ್ ಎಂಬ ಪಾವತಿಯ ಪದರ ಹೆಚ್ಚುಕಡಿಮೆ ಹಾಗೆಯೇ. ಒಂದು ವ್ಯತ್ಯಾಸ ಇದೆ: ಇಲ್ಲಿ ಸಾಲ ಇಲ್ಲ, ಹಣವನ್ನು ಮೊದಲೇ ಪೆಟ್ಟಿಗೆಯಲ್ಲಿಟ್ಟು ಇಬ್ಬರೂ ಬೀಗ ಹಾಕಬೇಕು. ಆ ಪೆಟ್ಟಿಗೆಗೆ ಚಾನೆಲ್ ಅಂತ ಹೆಸರು. ಪೆಟ್ಟಿಗೆ ತೆರೆಯಲು ಚೈನಿನ ಮೇಲೊಂದು ವಹಿವಾಟು, ಮುಚ್ಚಲು ಒಂದು. ನಡುವೆ ಸಾವಿರ ಸಲ ಕೊಟ್ಟು ತೆಗೆದುಕೊಂಡರೂ ಚೈನಿಗೆ ಗೊತ್ತಾಗುವುದಿಲ್ಲ. ಫೀ ಪುಡಿಗಾಸು, ಹಣ ಸೆಕೆಂಡಿನಲ್ಲಿ ತಲುಪುತ್ತದೆ. ಯಾರ ಒಪ್ಪಿಗೆಯೂ ಬೇಡ, ಒಡೆಯುವ ಮಾತೇ ಇಲ್ಲ.

ಈಗ ಕಹಿ. ಪೆಟ್ಟಿಗೆಯ ಆಚೆ ಬದಿಯಲ್ಲಿ ಹಣ ಇದ್ದರೆ ಮಾತ್ರ ನಿಮಗೆ ಬರುವುದು. ಹೊಸದಾಗಿ ತೆರೆದವನಿಗೆ ಕೊಡಲು ಬರುತ್ತದೆ, ತೆಗೆದುಕೊಳ್ಳಲು ಬರುವುದಿಲ್ಲ. ಎದುರಿನವನು ಹಳೆಯ ಲೆಕ್ಕ ತೋರಿಸಿ ಮೋಸ ಮಾಡದಂತೆ ನಿಮ್ಮ ನೋಡ್ ಕಣ್ಣಿಟ್ಟಿರಬೇಕು, ಇಲ್ಲ ಕಾವಲಿಗೆ ಇನ್ನೊಬ್ಬರನ್ನು ಇಡಬೇಕು. ನನ್ನ ಅನುಭವ ಹೇಳುತ್ತೇನೆ. ಸಣ್ಣ ಮೊತ್ತದ ಚಾನೆಲ್ ತೆರೆದಿದ್ದೆ. ಮಳೆಗಾಲದಲ್ಲಿ ನನ್ನ ನೋಡ್ ದಿನಗಟ್ಟಲೆ ಸಿಗದಿದ್ದಾಗ ಆಚೆಯವರು ಚಾನೆಲ್ ಬಲವಂತವಾಗಿ ಮುಚ್ಚಿದರು. ಮೋಸ ಏನಿಲ್ಲ, ಅವರ ಕಡೆಯಿಂದ ಅದು ಸರಿಯೇ. ಆದರೆ ಚಾನೆಲ್ ತೆರೆದಿದ್ದು ನಾನು, ಮುಚ್ಚುವ ಫೀ ಹೋಗಿದ್ದು ನನ್ನ ಪಾಲಿನಿಂದ. ಉಳಿದದ್ದು ಒಂದು ಊಟಕ್ಕೂ ಸಾಲದು.

ಲೈಟ್ನಿಂಗ್ ಬಂದರೆ ಬ್ಲಾಕ್ ದೊಡ್ಡದು ಬೇಡವೇ ಬೇಡ ಅನ್ನುವವರೂ ಇದ್ದಾರೆ. ಅದನ್ನು ರೂಪಿಸಿದ ಜೋಸೆಫ್ ಪೂನ್ ಮತ್ತು ಥ್ಯಾಡಿಯಸ್ ಡ್ರೈಯಾ ಹಾಗೆ ಹೇಳಿಲ್ಲ. 700 ಕೋಟಿ ಜನ ವರ್ಷಕ್ಕೆ ಎರಡೆರಡು ಚಾನೆಲ್ ತೆರೆದರೂ 133 ಎಂಬಿ ಬ್ಲಾಕ್ ಬೇಕಾಗುತ್ತದೆ ಅಂತ ಅವರ ಬರಹದಲ್ಲೇ ಇದೆ.

ಇಥೀರಿಯಂ ಕಡೆ ಈ ಕೆಲಸ ಮಾಡುವುದು ರೋಲಪ್. ಸಾವಿರಾರು ವಹಿವಾಟನ್ನು ಬೇರೆ ಕಡೆ ನಡೆಸಿ, ಒತ್ತಿದ ಮೂಟೆಯನ್ನು ಮಾತ್ರ ಚೈನಿಗೆ ತಂದು ಹಾಕುತ್ತದೆ. ಆ ಮೂಟೆಗಳಿಗೆಂದೇ 2024ರ ಮಾರ್ಚ್ 13ರಂದು ಅಗ್ಗದ ಜಾಗ ಮಾಡಿಕೊಟ್ಟರು, ಸುಮಾರು 18 ದಿನ ಇಟ್ಟು ಅಳಿಸುತ್ತಾರೆ. ತಮಾಷೆ ಅಂದರೆ, ಆ ಜಾಗ ಮಾಡಿಕೊಡಲು ಹಾರ್ಡ್ ಫೋರ್ಕೇ ಬೇಕಾಯಿತು.

ಪಕ್ಕದ ಚೈನ್

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಾಣ್ಯವನ್ನು ಇಲ್ಲಿ ಬೀಗ ಹಾಕಿ ಅಲ್ಲಿ ಬಳಸುವುದು. 2018ರಲ್ಲಿ ಶುರುವಾದ ಲಿಕ್ವಿಡ್ ಎಂಬ ಪಕ್ಕದ ಚೈನಿನಲ್ಲಿ ನಿಮಿಷಕ್ಕೊಂದು ಬ್ಲಾಕ್. ಆದರೆ ಬೀಗದ ಕೈ ಹದಿನೈದು ಸದಸ್ಯರ ಕೂಟದ ಹತ್ತಿರ, ಅವರಲ್ಲಿ ಹನ್ನೊಂದು ಸಹಿ ಬಿದ್ದರೆ ಹಣ ಹೊರಗೆ. ನಂಬಿಕೆಯ ಪ್ರಶ್ನೆಯಲ್ಲಿ ಇದಕ್ಕೆ ನನ್ನಿಂದ ಕಡಿಮೆ ಅಂಕ. ದೊಡ್ಡ ಮೊತ್ತ ಬೇಗ ಸಾಗಿಸುವ ವ್ಯಾಪಾರಿಗಳಿಗೆ ಸರಿ. ಎಕ್ಸ್‌ಟೆನ್ಶನ್ ಬ್ಲಾಕ್ ಅಂತ ಇನ್ನೊಂದಿದೆ, ಸಾಫ್ಟ್ ಫೋರ್ಕ್ ಮೂಲಕವೇ ಬ್ಲಾಕಿನ ಪಕ್ಕಕ್ಕೊಂದು ಚಾವಡಿ ಕಟ್ಟುವ ಥರ. ಲೈಟ್‌ಕಾಯಿನ್ ಎಂಬ ಇನ್ನೊಂದು ನಾಣ್ಯದ ನೆಟ್‌ವರ್ಕ್ 2022ರ ಮೇ ತಿಂಗಳಲ್ಲಿ ತಂದಿತು, ಆದರೆ ಮುಖ್ಯವಾಗಿ ವಹಿವಾಟಿನ ಗುಟ್ಟು ಕಾಯಲು.

ಹಾಗಾದರೆ ಮೂವರಿಗೆ?

ಮೇಷ್ಟ್ರು ಸುಮ್ನೆ ಇರಬಹುದು. ವರ್ಷಕ್ಕೊಂದು ವಹಿವಾಟು ಮಾಡುವವರಿಗೆ ಜಾಗದ ಚಿಂತೆ ಇಲ್ಲ. ಖಾಸಗಿ ಕೀ (ನಾಣ್ಯ ಖರ್ಚು ಮಾಡಲು ಬೇಕಾದ ಗುಟ್ಟಿನ ಸಂಖ್ಯೆ) ಅವರದೇ ಕೈಯಲ್ಲಿದ್ದರೆ, ಚೈನ್ ಎರಡಾದರೂ ಎರಡೂ ಕಡೆ ನಾಣ್ಯ ಇರುತ್ತದೆ. 2017ರಲ್ಲಿ ಆದದ್ದೂ ಅದೇ. ಅವರು ಮಾಡಬಾರದ್ದು ಒಂದೇ: ಒಡಕಿನ ಗಲಾಟೆ ನಡೆಯುವ ವಾರ ನಾಣ್ಯ ಅಲುಗಾಡಿಸುವುದು. ಎರಡು ಚೈನುಗಳ ನಡುವೆ ತಡೆ ಇಲ್ಲದಿದ್ದರೆ ಒಂದರಲ್ಲಿ ಕಳಿಸಿದ್ದನ್ನು ಇನ್ನೊಂದರಲ್ಲೂ ಯಾರಾದರೂ ಓಡಿಸಬಹುದು. ನಾಣ್ಯ ಕೊಂಡು ಮಾರುವ ಎಕ್ಸ್‌ಚೇಂಜ್‌ನಲ್ಲೇ ಇದ್ದರೆ ಮಾತ್ರ, ಯಾವ ಚೈನ್ ಕೊಡುತ್ತಾರೆ ಅನ್ನುವುದು ಅವರ ಮರ್ಜಿ. ಮೇಷ್ಟ್ರ ಹಳೆಯ ವಿಳಾಸ 1ರಿಂದ ಶುರುವಾಗುತ್ತದೆ. ಫೀ ಕಡಿಮೆ ಇರುವ ಒಂದು ದಿನ ನೋಡಿ ಹೊಸ ಬಗೆಯ ವಿಳಾಸಕ್ಕೆ ಬದಲಿಸಿಕೊಳ್ಳಿ ಎಂದೆ.

ಹೋಂಸ್ಟೇ ಗೆಳೆಯನಿಗೆ ಲೈಟ್ನಿಂಗ್. ಆದರೆ ಸ್ವಂತ ನೋಡ್ ಬೇಡ, ಫೋನಿನ ವಾಲೆಟ್ ಸಾಕು. ತಿಂಗಳಿಗೆ ಐದಾರು ಅತಿಥಿಗಳಿಗೆ ನೋಡ್ ಕಾಯುತ್ತಾ ಕೂರುವುದು ಪಂದಿಕರಿಗೆ ನಾಲ್ಕು ಒಲೆ ಹೂಡಿದ ಹಾಗೆ. ವಾಲೆಟ್ ಕಂಪನಿಯೇ ಹಣ ಇಟ್ಟುಕೊಳ್ಳುವ ಬಗೆಯದಾದರೆ ಒಂದು ರಾತ್ರಿಯ ಬಾಡಿಗೆಗಿಂತ ಹೆಚ್ಚು ಅಲ್ಲಿ ಉಳಿಸಬಾರದು. ಮಾರಿ ಬಂದ ಲಾಭಕ್ಕೆ ನೂರಕ್ಕೆ 30 ತೆರಿಗೆ, ಮಾರುವಾಗ ನೂರಕ್ಕೆ 1 ಟಿಡಿಎಸ್, ಇದನ್ನೂ ಬಾಡಿಗೆಯ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ನಮ್ಮ ದೇಶದ ಅತಿಥಿಗಳಿಗೆ ಯುಪಿಐ ಇದೆಯಲ್ಲ!

ಹುಡುಗರ ವಿಷಯದಲ್ಲಿ ನನ್ನ ಸಲಹೆ ಬಿಟ್‌ಕಾಯಿನ್ ನಡೆದ ದಾರಿಗೆ ಉಲ್ಟಾ. ಹನ್ನೊಂದು ನೋಡ್, ಎಲ್ಲರ ಫೋನ್ ನಂಬರ್ ಗೊತ್ತು. ಅಲ್ಲಿ ಸಾಫ್ಟ್ ಫೋರ್ಕ್‌ನ ಸರ್ಕಸ್ ಯಾಕೆ? ಮುಹೂರ್ತ ಇಟ್ಟು ಹಾರ್ಡ್ ಫೋರ್ಕ್ ಮಾಡಿ. ಅದಕ್ಕೂ ಮೊದಲು ಚೀಲಕ್ಕೊಂದು ವಹಿವಾಟು ಬರೆಯುವುದನ್ನು ಬಿಟ್ಟು ಲಾರಿಗೊಂದು ಬರೆಯಿರಿ ಎಂದೆ. ಬರೆದು ನೋಡಿದರು. ಬ್ಲಾಕ್ ಅರ್ಧಕ್ಕರ್ಧ ಖಾಲಿ. ಆದರೂ ಮುಂದಿನ ಕೊಯ್ಲಿಗೆ ಇರಲಿ ಅಂತ ಮಿತಿಯನ್ನು 2 ಎಂಬಿ ಮಾಡುತ್ತಿದ್ದಾರೆ, 8 ಅಲ್ಲ. ಯಾವ ಬ್ಲಾಕಿನಿಂದ ಅನ್ನುವುದೂ ಗೊತ್ತಾಗಿದೆ, ಲೆಕ್ಕದ ಪ್ರಕಾರ ಹುತ್ತರಿ ಕಳೆದು ಎರಡು ವಾರಕ್ಕೆ ಬರುತ್ತದೆ. ಹತ್ತು ನೋಡ್ ಅಪ್‌ಡೇಟ್ ಆಗಿವೆ. ಹನ್ನೊಂದನೆಯವನು ಭಾಗಮಂಡಲದ ಆಚೆ, ಅಲ್ಲಿ ನೆಟ್‌ವರ್ಕ್ ಸಿಗುವುದು ಗುಡ್ಡ ಹತ್ತಿದರೆ ಮಾತ್ರ. ಭಾನುವಾರ ಯಾರಾದರೂ ಬೈಕಿನಲ್ಲಿ ಹೋಗಿ ಪೆನ್‌ಡ್ರೈವ್ ಕೊಟ್ಟು, ಅವನ ಎದುರಿಗೇ ಹಾಕಿಸಿ ಬರಬೇಕಂತೆ.